‘ಕ್ಷಮಿಸಿಬಿಡು’ ಅಂದ್ರೆ ಗಾಯ ಮಾಯುತ್ತಾ? ಚಿಲಿ ಚರ್ಚ್ ಪ್ರಕರಣ ಹೇಳೋದೇ ಬೇರೆ

ಪಾದ್ರಿಯಿಂದಲೇ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೆ ಸುತ್ತಲಿನವರು ಕೊಡೋ ಸಲಹೆ ಸಾಮಾನ್ಯವಾಗಿ ಎರಡೇ: ‘ಪ್ರಾರ್ಥನೆ ಮಾಡು’, ‘ಕ್ಷಮಿಸಿಬಿಡು’. ಆದರೆ ಪ್ರಾರ್ಥನೆ ಕಲಿಸಿದವನೇ ಗಾಯ ಮಾಡಿದ್ರೆ? ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಆಗಿದ್ದು ಅದೇ.

ರಾಜಧಾನಿ ಸಾಂಟಿಯಾಗೊದ ಪಾದ್ರಿ ಫರ್ನಾಂಡೊ ಕರಡಿಮಾ ದೊಡ್ಡ ದೊಡ್ಡ ಮನೆತನಗಳಿಗೆ ಬೇಕಾದವನು. ನಂಬಿ ಬಂದ ಹುಡುಗರ ಮೇಲೆ ಈತ ದೌರ್ಜನ್ಯ ಎಸಗಿದ್ದು ನಿಜ ಅಂತ 2011ರಲ್ಲಿ ವ್ಯಾಟಿಕನ್ ತೀರ್ಮಾನಿಸಿತು. ಚಿಲಿಯ ಕೋರ್ಟ್‌ನಲ್ಲಿ ಮಾತ್ರ ಶಿಕ್ಷೆ ಆಗಲಿಲ್ಲ. ಕಾನೂನಿನ ಕಾಲಮಿತಿ ಮುಗಿದುಹೋಗಿತ್ತು.

ನಂಬಿಕೆಗೆ ಪೆಟ್ಟು ಹೇಗೆ?

ಚರ್ಚ್‌ನಲ್ಲಿ ದೇವರೂ ‘ತಂದೆ’, ಪಾದ್ರಿಯೂ ‘ಫಾದರ್’. ಒಬ್ಬರ ಮೇಲಿನ ಭಯ ಇನ್ನೊಬ್ಬರ ಮೇಲೂ ಬೀಳುತ್ತೆ. ಗಂಟೆ ಸದ್ದು, ಧೂಪದ ವಾಸನೆ, ಪಾಪನಿವೇದನೆಯ ಜಾಗ, ಯಾವುದಕ್ಕಾದ್ರೂ ಮೈ ನಡುಗಬಹುದು. ಇದು ಆಘಾತದ ಲಕ್ಷಣ. ಊರವರ ಕಣ್ಣಿಗೆ ಮಾತ್ರ ‘ಭಕ್ತಿ ಕಮ್ಮಿ ಆಯ್ತು, ಚರ್ಚ್ ಬಿಟ್ಟ’ ಅಂತ ಕಾಣುತ್ತೆ.

ಎರಡನೇ ಗಾಯ

ಕರಡಿಮಾ ಕೃತ್ಯ ಗೊತ್ತಿದ್ದೂ ಬಿಷಪ್ ಹುವಾನ್ ಬಾರೋಸ್ ಸುಮ್ಮನಿದ್ರು ಅನ್ನೋದು ಸಂತ್ರಸ್ತರ ಆರೋಪ. ಬಾರೋಸ್ ಅದನ್ನು ಅಲ್ಲಗಳೆದಿದ್ದರು. 2018ರ ಜನವರಿಯಲ್ಲಿ ಚಿಲಿಗೆ ಬಂದ ಪೋಪ್ ಫ್ರಾನ್ಸಿಸ್, ಸಾಕ್ಷ್ಯ ಇಲ್ಲ, ಇದೆಲ್ಲ ಅಪಪ್ರಚಾರ ಅಂದುಬಿಟ್ರು. ಆಕ್ರೋಶ ಎದ್ದಿತು. ತನಿಖೆಗೆ ಪ್ರತಿನಿಧಿಯನ್ನು ಕಳಿಸಿದ ಪೋಪ್, ವರದಿ ಓದಿ ಏಪ್ರಿಲ್‌ನಲ್ಲಿ ತಪ್ಪೊಪ್ಪಿಕೊಂಡರು. ಮೂವರು ಸಂತ್ರಸ್ತರನ್ನು ರೋಮ್‌ಗೆ ಕರೆಸಿ ಮಾತು ಕೇಳಿಸಿಕೊಂಡರು. ಜೂನ್‌ನಲ್ಲಿ ಬಾರೋಸ್ ರಾಜೀನಾಮೆ ಅಂಗೀಕಾರ, ಸೆಪ್ಟೆಂಬರ್‌ನಲ್ಲಿ ಕರಡಿಮಾಗೆ ಪಾದ್ರಿ ಪಟ್ಟವೇ ಹೋಯಿತು.

ಆ ಮೂವರಲ್ಲಿ ಒಬ್ಬರಾದ ಹುವಾನ್ ಕಾರ್ಲೋಸ್ ಕ್ರೂಸ್ ಇಷ್ಟಾದರೂ ಕ್ಯಾಥೊಲಿಕ್ ಆಗಿಯೇ ಉಳಿದಿದ್ದಾರೆ. ಮಕ್ಕಳ ರಕ್ಷಣೆಗೆಂದೇ ಇರುವ ವ್ಯಾಟಿಕನ್ ಆಯೋಗಕ್ಕೆ 2021ರಲ್ಲಿ ಅವರನ್ನೇ ಸದಸ್ಯರನ್ನಾಗಿ ನೇಮಿಸಲಾಯಿತು. ಎಲ್ಲರಿಗೂ ಹೀಗೆ ಆಗಲ್ಲ. ಕೆಲವರು ಚರ್ಚ್ ಬಿಟ್ಟು ದೇವರನ್ನು ಉಳಿಸಿಕೊಳ್ತಾರೆ, ಕೆಲವರು ಎರಡನ್ನೂ ಬಿಡ್ತಾರೆ. ಅವರನ್ನು ದೂರುವ ಹಕ್ಕು ಯಾರಿಗೂ ಇಲ್ಲ.

ಈ ಪ್ರಕರಣದಿಂದ ಒಂದು ಮಾತು ಸ್ಪಷ್ಟ. ನಂಬಿಕೆ ಮರಳೋದಿದ್ರೆ ಮೊದಲು ಆಗಬೇಕಾದ್ದು ಸಂತ್ರಸ್ತರ ಮಾತನ್ನು ನಂಬೋದು. ಆಮೇಲೆ ನ್ಯಾಯ, ಆಪ್ತಸಮಾಲೋಚನೆ. ಕ್ಷಮೆ ಕೊನೆಗೆ, ಅದೂ ಅವರಿಗೆ ಇಷ್ಟ ಇದ್ರೆ ಮಾತ್ರ. ಕ್ಷಮಿಸಿದ್ರೂ ಕೇಸ್ ನಡೆಯಲೇಬೇಕು.

ನಮ್ಮಲ್ಲಿ ಕಾನೂನು ಏನಿದೆ?

ನಮ್ಮ ದೇಶದಲ್ಲಿ 2012ರ ಪೋಕ್ಸೊ ಕಾಯ್ದೆಗೆ ಚರ್ಚ್, ಮಠ, ಮದರಸಾ, ಟ್ಯೂಷನ್ ಅನ್ನೋ ಭೇದ ಇಲ್ಲ. 18 ವರ್ಷದೊಳಗಿನ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ರೆ ಆರು ತಿಂಗಳವರೆಗೆ ಜೈಲು. ಸಂಸ್ಥೆಯ ಮುಖ್ಯಸ್ಥರಾದ್ರೆ ಒಂದು ವರ್ಷದವರೆಗೆ. ಮಕ್ಕಳ ಸಹಾಯವಾಣಿ 1098. ‘ಮರ್ಯಾದೆ ಪ್ರಶ್ನೆ’ ಅಂತ ಊರಲ್ಲೇ ರಾಜಿ ಮಾಡಿಸೋ ಹಿರಿಯರು ಇದನ್ನು ನೆನಪಿಟ್ಟುಕೊಳ್ಳಬೇಕು.