ಹಳೆ ವರ್ಷನ್ ಹೋಗಲಿ, ಹಾಡು ಇರಲಿ

ಲ್ಯಾಪ್‌ಟಾಪ್ ತುಂಬಿದರೆ ನಮ್ಮ ಹಾಸ್ಟೆಲ್‌ನಲ್ಲಿ ಮೊದಲು ಬಲಿಯಾಗುವುದು ಹಾಡಿನ ರೆಕಾರ್ಡಿಂಗ್ ಫೋಲ್ಡರ್. ಪ್ಲೇಸ್‌ಮೆಂಟ್ ತಯಾರಿಗೆ ಜಾಗ ಬೇಕಲ್ಲ! ನನಗಿದು ಒಪ್ಪಿಗೆಯಿಲ್ಲ. ಕಂಪೈಲರನ್ನು ನಾಳೆಯೂ ಡೌನ್‌ಲೋಡ್ ಮಾಡಬಹುದು. ನನ್ನ ಅಜ್ಜಿ ಹಾಡಿದ ಸೋಬಾನೆ ಪದ ಎಲ್ಲಿ ಸಿಗುತ್ತದೆ?

ಹೋಗಬೇಕಾದ್ದು ಆಡಾಸಿಟಿಯ ಹಳೆ ವರ್ಷನ್. 2021ರಲ್ಲಿ ಬಂದ 3.0, ಹಳೆ ಪ್ರಾಜೆಕ್ಟ್‌ಗಳನ್ನೂ ತೆರೆದು ಹೊಸ ಮಾದರಿಗೆ ಬದಲಿಸುತ್ತದೆ. ಹಾಗೆಂದು ಸಾಫ್ಟ್‌ವೇರ್ ತೆಗೆದರೆ ಸಿಗುವ ಜಾಗ ಅಷ್ಟಕ್ಕಷ್ಟೇ. ಸಿಡಿ ಗುಣಮಟ್ಟದ ಸ್ಟೀರಿಯೋ ಧ್ವನಿಯೇ ನಿಮಿಷಕ್ಕೆ ಸುಮಾರು 10 ಎಂಬಿ ನುಂಗುತ್ತದೆ. ಕೆಟ್ಟ ಟೇಕ್‌ಗಳನ್ನೆಲ್ಲ ಯಾಕೆ ಸಾಕಬೇಕು? ಒಳ್ಳೆಯದನ್ನು ಫ್ಲ್ಯಾಕ್ ಫೈಲಾಗಿಸಿ, ಪೂರ್ತಿ ಕೇಳಿ, ಪೆನ್‌ಡ್ರೈವ್‌ಗೂ ಹಾಕಿ. ಆಮೇಲೆ ಉಳಿದದ್ದನ್ನು ಅಳಿಸಿ. ಅಲ್ಲಿಯವರೆಗೆ ಹಳೆ ಪ್ರಾಜೆಕ್ಟಿನ ಪಕ್ಕದ ‘ಡೇಟಾ’ ಫೋಲ್ಡರ್ ಮುಟ್ಟಬೇಡಿ, ಧ್ವನಿಯೆಲ್ಲ ಇರುವುದು ಅದರಲ್ಲೇ.