ಕಳಪೆ ಕತ್ತಿಯೂ ಉಳಿಯಲಿ

ಜಪಾನಿನ ಕತ್ತಿ ಎಂದರೆ ಎಲ್ಲರೂ ಬೆರಗಾಗುತ್ತಾರೆ. ಮಣ್ಣಿನ ಒಲೆಯಲ್ಲಿ ಕಬ್ಬಿಣದ ಮರಳು, ಇದ್ದಿಲು ಹಾಕಿ ಮೂರು ಹಗಲು ಮೂರು ರಾತ್ರಿ ಉರಿಸಿ ಉಕ್ಕು ತೆಗೆಯುವುದು, ಮಡಚಿ ಮಡಚಿ ಬಡಿಯುವುದು, ಕಾಯಿಸಿ ನೀರಿಗೆ ಅದ್ದುವುದು ಎಲ್ಲಾ ನಿಜವೇ. ಆದರೆ ಗೆಳೆಯರೇ, ಎರಡನೇ ಮಹಾಯುದ್ಧದಲ್ಲಿ ಅಲ್ಲಿನ ಸೇನಾಧಿಕಾರಿಗಳು ಸೊಂಟಕ್ಕೆ ಕಟ್ಟಿದ ಕತ್ತಿಗಳಲ್ಲಿ ಹೆಚ್ಚಿನವು ಹಾಗೆ ಆದವಲ್ಲ. ಆ ಇನ್ನೊಂದು ಕತ್ತಿಯ ಪರವಾಗಿ ನಾನು ಬರೆಯುತ್ತಿದ್ದೇನೆ.

1876ರಲ್ಲಿ ಸಾಮುರಾಯ್ ವೀರರು ಕತ್ತಿ ಕಟ್ಟಿಕೊಂಡು ತಿರುಗುವುದನ್ನು ಸರಕಾರ ನಿಲ್ಲಿಸಿತು. ಸೇನಾಧಿಕಾರಿಗಳು ಯುರೋಪಿನ ಮಾದರಿಯ ಕತ್ತಿ ಹಿಡಿದರು. 1934ರಲ್ಲಿ ಮತ್ತೆ ಹಳೆಯ ವೀರರ ಕತ್ತಿಯ ರೂಪವೇ ಬಂತು. ಹಿಡಿಗೆ ತೊರಕೆ ಮೀನಿನ ಚರ್ಮ, ಅದರ ಮೇಲೆ ಪಟ್ಟಿಯ ಸುತ್ತು, ಹಿತ್ತಾಳೆಯಲ್ಲಿ ಚೆರ್ರಿ ಹೂವು. ಒರೆ ತೂಗುಹಾಕಲು ಎರಡು ಬಳೆ. 1938ರಲ್ಲಿ ಒಂದೇ ಆಯಿತು.

ಸೇನೆ ಬೆಳೆಯಿತು. ಕೈಯಲ್ಲಿ ಬಡಿಯುವವರು ಎಷ್ಟು ಅಂತ ಮಾಡಿಯಾರು? ಟೋಕಿಯೊದ ಯಾಸುಕುನಿ ಗುಡಿಯ ಕುಲುಮೆಯಲ್ಲಿ 1933ರಿಂದ 1945ರವರೆಗೆ ಹಳೆ ಕ್ರಮದಲ್ಲಿ ಆದದ್ದು ಸುಮಾರು 8,100 ಕತ್ತಿ ಮಾತ್ರ. ಉಳಿದದ್ದಕ್ಕೆ ಸೆಕಿ ಪಟ್ಟಣದಂಥ ಕಡೆ ಕಾರ್ಖಾನೆಯ ಉಕ್ಕು, ಯಂತ್ರದ ಸುತ್ತಿಗೆ. ಅಲಗನ್ನು ನೀರಿಗಲ್ಲ, ಎಣ್ಣೆಗೆ ಅದ್ದಿದರು. ನೀರಿನಲ್ಲಿ ಒಮ್ಮೆಲೇ ತಣಿದರೆ ಬಿರುಕು ಬಿಡುವ ಭಯ ಹೆಚ್ಚು. (ಕುಲುಮೆ ಕೆಲಸದವರನ್ನು ಕೇಳಿ ನೋಡಿ, ಹೇಳ್ತಾರೆ.)

1941ರಿಂದ ಸರಕಾರ ಜನರಿಂದ ಲೋಹ ಕೂಡಿಹಾಕತೊಡಗಿತು. ಗುಡಿಯ ಗಂಟೆಗಳೂ ಹೋದವು. ಸತ್ತ ಒಡೆಯನಿಗಾಗಿ ರೈಲು ನಿಲ್ದಾಣದಲ್ಲಿ ವರ್ಷಗಟ್ಟಲೆ ಕಾದ ಹಚಿಕೊ ನಾಯಿಯ ಕಂಚಿನ ಪ್ರತಿಮೆಯನ್ನೂ ಕರಗಿಸಿದರು! (1948ರಲ್ಲಿ ಹೊಸದನ್ನು ನಿಲ್ಲಿಸಿದರು.) ಇನ್ನು ಕತ್ತಿಗೆ ಹಿತ್ತಾಳೆ ಎಲ್ಲಿಂದ ಬರಬೇಕು? ಕೈಗೆ ಏಟು ಬೀಳದಂತೆ ತಡೆಯುವ ಬಿಲ್ಲೆ ಬರೀ ಕಬ್ಬಿಣದ್ದಾಯಿತು, ಹೂವು ಮಾಯ. ಮೀನಿನ ಚರ್ಮದ ಜಾಗಕ್ಕೆ ಸೆಲ್ಯುಲಾಯ್ಡ್, ಲೋಹದ ಒರೆಯ ಜಾಗಕ್ಕೆ ಮರ. ಹವಾಲ್ದಾರರ ಕತ್ತಿಗಂತೂ ಮೊದಲು ಅಲ್ಯುಮಿನಿಯಂ ಹಿಡಿಗೆ ಪಟ್ಟಿ ಸುತ್ತಿದ ಹಾಗೆ ಕಾಣಲು ಬಣ್ಣ ಬಳಿಯುತ್ತಿದ್ದರು, ಕೊನೆಗೆ ಗೀರು ಹಾಕಿದ ಮರದ ತುಂಡೇ ಗತಿಯಾಯಿತು.

ಬಾಂಬು, ಫಿರಂಗಿಗಳ ಯುದ್ಧದಲ್ಲಿ ಇಷ್ಟು ಕಷ್ಟಪಟ್ಟು ಕತ್ತಿ ಯಾಕೆ ಬೇಕಿತ್ತು? ನನಗೆ ಕಾಣುವಂತೆ ಅದು ಠೀವಿಗೆ. ಊರ ಗಂಟೆ ಕರಗಿದರೂ ಠೀವಿ ಬಿಡಲಿಲ್ಲ.

ಈಗ ಜಪಾನಿನಲ್ಲಿ, 1958ರ ಕಾನೂನಿನಂತೆ, ಹಳೆ ಕ್ರಮದಲ್ಲಿ ಮಾಡಿದ ಕತ್ತಿಯನ್ನು ಕಲಾವಸ್ತು ಎಂದು ನೋಂದಾಯಿಸಿ ಇಟ್ಟುಕೊಳ್ಳಬಹುದು. ಕಾರ್ಖಾನೆ ಕತ್ತಿಗೆ ಆ ಮರ್ಯಾದೆ ಇಲ್ಲ. ಮನೆಯಲ್ಲಿ ಸಿಕ್ಕರೆ ಪೊಲೀಸರಿಗೆ ಒಪ್ಪಿಸಬೇಕು, ಸಾಮಾನ್ಯವಾಗಿ ಅದು ನಾಶವಾಗುತ್ತದೆ. ಇದನ್ನು ನಾನು ಒಪ್ಪುವುದಿಲ್ಲ. "ರಕ್ತ ಕಂಡ ಕತ್ತಿ, ಹಾಳಾಗಿ ಹೋಗಲಿ" ಅಂತ ಕೆಲವರು ಅನ್ನಬಹುದು. ಸೆರೆ ಸಿಕ್ಕವರ ತಲೆ ಕಡಿದದ್ದು ಹೌದು. ಹಾಗಾದರೆ ಚಂದದ ಕತ್ತಿ ಏನು ಸೊಪ್ಪು ಕೊಯ್ದಿತ್ತೇ? ಮನೆಮನೆಯಲ್ಲಿ ಬೇಡ, ಸಂಗ್ರಹಾಲಯದಲ್ಲಾದರೂ 1934ರ ಕತ್ತಿಯ ಪಕ್ಕಕ್ಕೇ 1945ರದ್ದನ್ನೂ ಇಡಲಿ. ಅದರ ಕಬ್ಬಿಣದ ಬಿಲ್ಲೆ, ಮರದ ಒರೆ ಎಲ್ಲಾ ಅಲ್ಲಿನ ಶಾಲೆ ಮಕ್ಕಳ ಕಣ್ಣಿಗೆ ಬೀಳುವ ಎತ್ತರದಲ್ಲಿರಲಿ.