ತೂಕ ಇಳಿಸುವ ಚುಚ್ಚುಮದ್ದು: ಸೋಮಾರಿತನವೋ, ಚಿಕಿತ್ಸೆಯೋ?



2025ರ ಶ್ರಾವಣ ಮಾಸದ ಒಂದು ಸೋಮವಾರ. ದಾಸೋಹದ ಪಂಕ್ತಿಯಲ್ಲಿ ಕುಳಿತಿದ್ದ ತಾಯಿಯೊಬ್ಬರು ತಟ್ಟೆಯಲ್ಲಿದ್ದ ಪ್ರಸಾದವನ್ನು ಮುಗಿಸಲಾರದೆ ಕಣ್ಣಲ್ಲಿ ನೀರು ತಂದುಕೊಂಡರು. ಪ್ರಸಾದದ ಒಂದಗುಳನ್ನೂ ಬಿಡಬಾರದೆಂಬ ಸಂಸ್ಕಾರದಲ್ಲಿ ಬೆಳೆದ ಜೀವ ಅದು. ಪಕ್ಕದಲ್ಲಿದ್ದವರು "ಯಾಕ್ರೀ ಅಕ್ಕಾರ, ಆರಾಮ ಇಲ್ಲೇನ್ರೀ?" ಎಂದು ಕೇಳಿದರೂ ಉತ್ತರ ಬರಲಿಲ್ಲ. ಮರುದಿನ ಅವರೇ ಸಂಕೋಚದಿಂದ ವಿಷಯ ತಿಳಿಸಿದರು. ಸಕ್ಕರೆ ಕಾಯಿಲೆ, ಮೊಣಕಾಲು ನೋವು, ಏರುತ್ತಲೇ ಇದ್ದ ತೂಕ, ಇವುಗಳಿಗಾಗಿ ವೈದ್ಯರು ವಾರಕ್ಕೊಮ್ಮೆ ತೆಗೆದುಕೊಳ್ಳುವ ಚುಚ್ಚುಮದ್ದೊಂದನ್ನು ಬರೆದುಕೊಟ್ಟಿದ್ದರು. ಅದನ್ನು ತೆಗೆದುಕೊಳ್ಳಲಾರಂಭಿಸಿದ ಮೇಲೆ ಹಸಿವು ಅರ್ಧಕ್ಕೆ ಇಳಿದಿತ್ತು. ಈ ಸಂಗತಿಯನ್ನು ಅವರು ಮನೆಯವರಿಗೂ ಹೇಳಿರಲಿಲ್ಲ; ಔಷಧಿಯನ್ನು ಫ್ರಿಜ್ಜಿನಲ್ಲಿ ಕರಿಬೇವಿನ ಡಬ್ಬಿಯ ಹಿಂದೆ ಬಚ್ಚಿಟ್ಟಿದ್ದರು. "ಬಾಯಿ ಕಟ್ಟಲಾರದಾಕಿ ಸೂಜಿ ಚುಚ್ಚಿಸಿಕೊಂಡಳು ಅಂತ ಮಂದಿ ಅಂತಾರ್ರೀ. ನಂದು ತಪ್ಪೇನ್ರೀ?" ಎಂಬುದು ಅವರ ಪ್ರಶ್ನೆಯಾಗಿತ್ತು.

ತಪ್ಪಲ್ಲ. ಆದರೆ ಹಾಗೆಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ವಿಷಯವೂ ಇದಲ್ಲ. ಆ ತಾಯಿಯಂತೆ ಬಚ್ಚಿಟ್ಟುಕೊಂಡಿರುವವರು ನಮ್ಮ ನಡುವೆ ಇನ್ನೂ ಹಲವರಿರಬಹುದು. ಅವರನ್ನು ನೋಡಿ ಪಿಸುಗುಟ್ಟುವವರೂ ಇದ್ದಾರೆ. ಇಬ್ಬರಿಗೂ ಈ ಔಷಧಿಯ ಸ್ವರೂಪ ತಿಳಿದಿರುವುದು ಒಳಿತು.

ನಾವು ಉಂಡಾಗ ನಮ್ಮ ಕರುಳು ಜಿ.ಎಲ್.ಪಿ-1 ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಅದು ಮೇದೋಜೀರಕ ಗ್ರಂಥಿಗೆ ಇನ್ಸುಲಿನ್ ಬಿಡುಗಡೆ ಮಾಡಲು ಸೂಚಿಸುತ್ತದೆ, ಜಠರದಿಂದ ಆಹಾರ ಮುಂದೆ ಸಾಗುವುದನ್ನು ನಿಧಾನಗೊಳಿಸುತ್ತದೆ, ಮೆದುಳಿಗೆ 'ಇನ್ನು ಸಾಕು' ಎಂಬ ಸಂದೇಶವನ್ನು ಮುಟ್ಟಿಸುತ್ತದೆ. ಆದರೆ ಈ ಹಾರ್ಮೋನು ಕೆಲವೇ ನಿಮಿಷಗಳಲ್ಲಿ ದೇಹದಲ್ಲಿ ನಾಶವಾಗುತ್ತದೆ. ಅಮೆರಿಕದ ಮರುಭೂಮಿಯಲ್ಲಿ ವಾಸಿಸುವ ಗಿಲಾ ಮಾನ್‌ಸ್ಟರ್ ಎಂಬ ಹಲ್ಲಿಯ ವಿಷದಲ್ಲಿ ಇದನ್ನೇ ಹೋಲುವ, ಆದರೆ ಬಹಳ ಹೊತ್ತು ಉಳಿಯುವ ವಸ್ತುವೊಂದನ್ನು ಡಾ. ಜಾನ್ ಎಂಗ್ 1992ರ ಸುಮಾರಿಗೆ ಗುರುತಿಸಿದರು. ಅದರಿಂದ ರೂಪುಗೊಂಡ ಮಧುಮೇಹದ ಔಷಧಿಗೆ 2005ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಮುಂದೆ ವಾರಕ್ಕೊಮ್ಮೆ ತೆಗೆದುಕೊಂಡರೆ ಸಾಕಾಗುವ ಸೆಮಾಗ್ಲುಟೈಡ್ ಬಂದಿತು. ಮಧುಮೇಹಕ್ಕೆ 2017ರಲ್ಲಿ, ಸ್ಥೂಲಕಾಯಕ್ಕೆ 2021ರಲ್ಲಿ ಅದು ಅಲ್ಲಿ ಅಂಗೀಕೃತವಾಯಿತು. ಎರಡು ಹಾರ್ಮೋನುಗಳ ಕೆಲಸವನ್ನು ಒಟ್ಟಿಗೆ ಮಾಡುವ ಟಿರ್ಜೆಪಟೈಡ್ ಆಮೇಲಿನದು. ಭಾರತಕ್ಕೆ ಟಿರ್ಜೆಪಟೈಡ್ 'ಮೌಂಜಾರೊ' ಎಂಬ ಹೆಸರಿನಲ್ಲಿ 2025ರ ಮಾರ್ಚಿನಲ್ಲಿಯೂ, ಸೆಮಾಗ್ಲುಟೈಡಿನ ತೂಕ ಇಳಿಸುವ ರೂಪವಾದ 'ವೆಗೋವಿ' ಅದೇ ವರ್ಷದ ಜೂನಿನಲ್ಲಿಯೂ ಬಂದವು.

"ಊಟ ಕಡಿಮೆ ಮಾಡಿದರೆ ಆಯಿತಲ್ಲ, ಇದೆಲ್ಲ ಏತಕ್ಕೆ?" ಎಂಬ ಪ್ರಶ್ನೆ ಸಹಜವಾದುದು. ಮಿತಾಹಾರ ಹಾಗೂ ನಡಿಗೆಯ ಬೆಲೆ ಎಂದಿಗೂ ಕುಂದದು. ಆದರೆ ತೂಕ ಇಳಿಯತೊಡಗಿದ ಕೂಡಲೇ ಶರೀರ ಅದನ್ನು ಕ್ಷಾಮವೆಂದು ಬಗೆದು ಹಸಿವನ್ನು ಹೆಚ್ಚಿಸುತ್ತದೆ, ಶಕ್ತಿಯ ವ್ಯಯವನ್ನು ತಗ್ಗಿಸುತ್ತದೆ. ಆದ್ದರಿಂದಲೇ ಎಷ್ಟೋ ಜನ ನಿಷ್ಠೆಯಿಂದ ಇಳಿಸಿದ ತೂಕ ಎರಡು ಮೂರು ವರ್ಷಗಳಲ್ಲಿ ಮರಳಿ ಬರುತ್ತದೆ. ಇದು ಮನೋಬಲದ ಕೊರತೆಯಲ್ಲ, ಶರೀರಧರ್ಮ. ಅಕ್ಕಮಹಾದೇವಿಯಂತಹ ವೈರಾಗ್ಯನಿಧಿಯೇ ತನ್ನ ವಚನದಲ್ಲಿ ಹಸಿವೆಯನ್ನು ಎದುರಿಗೆ ನಿಂತವರನ್ನೆಂಬಂತೆ ಕರೆದು ಮಾತನಾಡಿಸಿದ್ದಾಳೆ. ಹಸಿವಿನ ಬಲವೆಷ್ಟೆಂಬುದನ್ನು ಬಲ್ಲವಳ ಮಾತದು. ಹೀಗಿರುವಾಗ ಹಸಿವೆಗೆ ಸೋತವರನ್ನು ನೋಡಿ ನಗುವ ಅಧಿಕಾರ ನಮಗೆಲ್ಲಿಯದು?

ಇನ್ನು ಈ ಔಷಧಿಯ ಪ್ರಯೋಜನಗಳನ್ನು ನೋಡೋಣ. ಪತ್ರಿಕೆಗಳಲ್ಲಿ ಚಿತ್ರತಾರೆಯರ ತೆಳುಮೈಯೇ ದೊಡ್ಡ ಸುದ್ದಿ. ನಿಜವಾದ ಪ್ರಯೋಜನ ಕಣ್ಣಿಗೆ ಕಾಣುವಂಥದ್ದಲ್ಲ. 2021ರಲ್ಲಿ ಪ್ರಕಟವಾದ 1,961 ಜನರ ಪ್ರಯೋಗದಲ್ಲಿ ಸೆಮಾಗ್ಲುಟೈಡ್ ಪಡೆದವರ ತೂಕ 68 ವಾರಗಳಲ್ಲಿ ಸರಾಸರಿ ಶೇ. 14.9ರಷ್ಟು ಇಳಿಯಿತು, ಔಷಧಿಯಿಲ್ಲದ ಚುಚ್ಚುಮದ್ದು ಪಡೆದವರಲ್ಲಿ ಇಳಿದುದು ಶೇ. 2.4 ಮಾತ್ರ. 2023ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ಇದಕ್ಕಿಂತ ಮಹತ್ವದ್ದು. ಮಧುಮೇಹವಿಲ್ಲದ, ಆದರೆ ಹೃದಯ ಅಥವಾ ರಕ್ತನಾಳದ ಕಾಯಿಲೆಯೂ ಅಧಿಕ ತೂಕವೂ ಇದ್ದ 17,604 ಜನರನ್ನು ಸರಾಸರಿ ಮೂರು ವರ್ಷಕ್ಕೂ ಹೆಚ್ಚು ಕಾಲ ಗಮನಿಸಲಾಯಿತು. ಹೃದಯಾಘಾತ, ಪಾರ್ಶ್ವವಾಯು, ಹೃದಯ ಸಂಬಂಧಿ ಮರಣ, ಇವುಗಳಲ್ಲೊಂದು ಸಂಭವಿಸಿದುದು ಔಷಧಿಯಿಲ್ಲದವರಲ್ಲಿ ನೂರಕ್ಕೆ 8, ಔಷಧಿ ಪಡೆದವರಲ್ಲಿ ನೂರಕ್ಕೆ 6.5. ಅಂಕಿ ಸಣ್ಣದೆನಿಸಬಹುದು. ಆದರೆ ನೂರು ಮನೆಗಳ ಪೈಕಿ ಒಂದೆರಡು ಮನೆಗಳಲ್ಲಿ ಯಜಮಾನನೋ ತಾಯಿಯೋ ಇಂಥ ಆಘಾತದಿಂದ ಪಾರಾದರೆ, ಆ ಮನೆಗಳಿಗೆ ಅದು ಸಣ್ಣದಲ್ಲ.

2024ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮಧುಮೇಹದೊಂದಿಗೆ ಮೂತ್ರಪಿಂಡದ ಕಾಯಿಲೆಯೂ ಇದ್ದ 3,533 ಜನರು ಭಾಗವಹಿಸಿದ್ದರು. ಸೆಮಾಗ್ಲುಟೈಡ್ ಪಡೆದವರಲ್ಲಿ ಮೂತ್ರಪಿಂಡ ಕೈಕೊಡುವುದೇ ಮೊದಲಾದ ಗಂಭೀರ ತೊಂದರೆಗಳು ಶೇ. 24ರಷ್ಟು ಕಡಿಮೆಯಾದವು. ಡಯಾಲಿಸಿಸ್‌ಗಾಗಿ ವಾರಕ್ಕೆ ಎರಡು ಮೂರು ಸಲ ಜಿಲ್ಲಾ ಕೇಂದ್ರಕ್ಕೆ ಅಲೆಯುವವರನ್ನು ಕಂಡವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಮೊಣಕಾಲಿನ ಸಂಧಿವಾತವಿದ್ದ ಸ್ಥೂಲಕಾಯರಲ್ಲಿ ನೋವು ಗಣನೀಯವಾಗಿ ತಗ್ಗಿದುದನ್ನು ಅದೇ ವರ್ಷದ ಮತ್ತೊಂದು ಅಧ್ಯಯನ ತೋರಿಸಿತು. ನಿದ್ರೆಯಲ್ಲಿ ಉಸಿರು ಕಟ್ಟುವ ಕಾಯಿಲೆಗೆ ಟಿರ್ಜೆಪಟೈಡ್ 2024ರಲ್ಲಿಯೂ, ಕೊಬ್ಬಿನಿಂದ ಊದಿಕೊಂಡ ಯಕೃತ್ತಿನ ಕಾಯಿಲೆಗೆ ಸೆಮಾಗ್ಲುಟೈಡ್ 2025ರಲ್ಲಿಯೂ ಅಮೆರಿಕದಲ್ಲಿ ಅಂಗೀಕೃತವಾದವು. ವಿಶ್ವ ಆರೋಗ್ಯ ಸಂಸ್ಥೆಯು 2025ರ ಸೆಪ್ಟೆಂಬರಿನಲ್ಲಿ ಈ ವರ್ಗದ ಔಷಧಿಗಳನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಮಧುಮೇಹದೊಂದಿಗೆ ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯೂ ಸ್ಥೂಲಕಾಯವೂ ಇರುವವರಿಗಾಗಿ ಅದು ಹಾಗೆ ಮಾಡಿತು.

ಇದು ಪರದೇಶದವರ ಚಿಂತೆಯೆಂದು ನಾವು ಸುಮ್ಮನಿರುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನ ಮಧುಮೇಹಿಗಳು; ವಯಸ್ಕರಲ್ಲಿ ಶೇ. 39.5 ಜನರಿಗೆ ಹೊಟ್ಟೆಯ ಬೊಜ್ಜು. ಕೈಕಾಲು ಸಣ್ಣದಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವ ನಮ್ಮವರ ಮೈಕಟ್ಟಿನಲ್ಲಿ ಕಡಿಮೆ ತೂಕಕ್ಕೇ ಕಾಯಿಲೆ ಅಂಟಿಕೊಳ್ಳುತ್ತದೆ.

ಪ್ರಯೋಜನವನ್ನು ಹೇಳಿದ ಮೇಲೆ ಎಚ್ಚರಿಕೆಯನ್ನೂ ಹೇಳಲೇಬೇಕು. ಇದು ಮದುವೆಗೆ ಮುನ್ನ ಮೈ ಸಣ್ಣಗಾಗಿಸಿಕೊಳ್ಳುವ ಸಾಧನವಲ್ಲ. ಅಂಗಡಿಯಲ್ಲಿ ಕೇಳಿ, ಅಂತರ್ಜಾಲದಲ್ಲಿ ತರಿಸಿ ತಾವೇ ಚುಚ್ಚಿಕೊಳ್ಳುವುದು ಅಪಾಯಕಾರಿ. ವೈದ್ಯರು ಅತಿ ಸಣ್ಣ ಪ್ರಮಾಣದಿಂದ ಆರಂಭಿಸಿ ತಿಂಗಳುಗಟ್ಟಲೆ ಹಂತಹಂತವಾಗಿ ಏರಿಸುತ್ತಾರೆ. ವಾಕರಿಕೆ, ವಾಂತಿ, ಭೇದಿ, ಮಲಬದ್ಧತೆ ಸಾಮಾನ್ಯ. ಪಿತ್ತಕೋಶದ ಕಲ್ಲು ಹಾಗೂ ಮೇದೋಜೀರಕ ಗ್ರಂಥಿಯ ಉರಿಯೂತ ಅಪರೂಪವಾದರೂ ಉಂಟು. ಗರ್ಭಿಣಿಯರಿಗೂ, ಮನೆತನದಲ್ಲಿ ಮೆಡುಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ಇದ್ದವರಿಗೂ ಇದು ಸಲ್ಲದು. ಕೊಬ್ಬಿನೊಂದಿಗೆ ಸ್ನಾಯುವೂ ಕರಗುವುದರಿಂದ ಬೇಳೆಕಾಳು, ಮೊಸರು, ದಿನದ ನಡಿಗೆ, ಸ್ವಲ್ಪ ಭಾರ ಎತ್ತುವ ದುಡಿಮೆ ಇವು ಜೊತೆಗಿರಲೇಬೇಕು. ಔಷಧಿಯನ್ನು ನಿಲ್ಲಿಸಿದವರಲ್ಲಿ ಇಳಿದ ತೂಕದ ಮೂರರಲ್ಲಿ ಎರಡು ಪಾಲು ಒಂದೇ ವರ್ಷದಲ್ಲಿ ಮರಳಿತೆಂಬುದೂ ಅಧ್ಯಯನದಿಂದ ತಿಳಿದ ಸಂಗತಿ. ಅಂದರೆ ಇದು ಬಹುಕಾಲದ ಚಿಕಿತ್ಸೆ. ಬಹುಕಾಲದ ಚಿಕಿತ್ಸೆಗೆ ಬೆಲೆಯೇ ದೊಡ್ಡ ಅಡ್ಡಿ. ಭಾರತದಲ್ಲಿ ಸೆಮಾಗ್ಲುಟೈಡಿನ ಪೇಟೆಂಟಿನ ಅವಧಿ 2026ರ ಮಾರ್ಚಿನವರೆಗೆ ಇತ್ತು. ಅದು ಮುಗಿದುದರಿಂದ ದೇಶದ ಕಂಪನಿಗಳೂ ಅದನ್ನು ತಯಾರಿಸಲು ದಾರಿಯಾಯಿತು. ಹಣವುಳ್ಳವನ ಅಲಂಕಾರವಾಗದೆ ಬಡ ರೋಗಿಯ ಮದ್ದಾದಾಗಲೇ ಈ ಸಂಶೋಧನೆ ಸಾರ್ಥಕ.

ರಕ್ತದೊತ್ತಡಕ್ಕೆ ಗುಳಿಗೆ ನುಂಗುವವರನ್ನು ನಾವು ಹೀಯಾಳಿಸುವುದಿಲ್ಲ. ಇನ್ಸುಲಿನ್ ಚುಚ್ಚಿಕೊಳ್ಳುವವರನ್ನು ಸೋಮಾರಿಗಳೆನ್ನುವುದಿಲ್ಲ. ತೂಕದ ವಿಷಯ ಬಂದಾಗ ಮಾತ್ರ ರೋಗವನ್ನು ಗುಣದೋಷವೆಂದು ಎಣಿಸುವುದೇಕೆ? ದೇಹವನ್ನೇ ದೇಗುಲವೆಂದು ಕಂಡ ಪರಂಪರೆ ನಮ್ಮದು. ವೈದ್ಯ ಸಂಗಣ್ಣನಂತಹವರು ಶರಣರ ಸಾಲಿನಲ್ಲಿದ್ದರು. ರೋಗಿಯನ್ನು ಉಪಚರಿಸುವುದೂ ಅಲ್ಲಿ ಕಾಯಕವೇ ಆಗಿತ್ತು. ದೇಗುಲ ಸೋರುತ್ತಿರುವಾಗ ದುರಸ್ತಿ ಮಾಡಿಸಿಕೊಂಡವನನ್ನು ಭಕ್ತಿಹೀನನೆನ್ನಲಾದೀತೇ?

ಪ್ರಸಾದದ ಮಾತಿಗೆ ಬರೋಣ. ಹಸಿವು ಕಡಿಮೆಯಿರುವವರು ಮೊದಲೇ "ಸ್ವಲ್ಪ ನೀಡ್ರಿ" ಎಂದು ಹೇಳಿ ನೀಡಿಸಿಕೊಳ್ಳಲಿ. ನೀಡುವವರು "ಇನ್ನೊಂದು ರೊಟ್ಟಿ ಹಾಕ್ತೀನ್ರಿ" ಎಂದು ಒತ್ತಾಯಿಸದಿರಲಿ. ಒಂದು ತುತ್ತಾದರೂ ಅದು ಪ್ರಸಾದವೇ. ಪ್ರಮಾಣದಿಂದ ಅದರ ಮಹಿಮೆ ಹೆಚ್ಚುವುದೂ ಇಲ್ಲ, ಕುಂದುವುದೂ ಇಲ್ಲ.

ಆ ತಾಯಿ ಅದೇ ವಾರ ಸೊಸೆಗೆ ವಿಷಯ ತಿಳಿಸಿದರು. ಅವರಿನ್ನೂ ತೆಳ್ಳಗಾಗಿಲ್ಲ, ಸಕ್ಕರೆಯ ಮಟ್ಟ ಹತೋಟಿಗೆ ಬಂದಿದೆ, ಮೆಟ್ಟಿಲುಗಳನ್ನು ಯಾರ ಕೈಯನ್ನೂ ಹಿಡಿಯದೆ ಏರುತ್ತಾರೆ. ಔಷಧಿ ಈಗ ಕರಿಬೇವಿನ ಡಬ್ಬಿಯ ಮುಂದೆಯೇ ಇದೆಯಂತೆ. ಚುಚ್ಚಿಕೊಳ್ಳುವ ದಿನವನ್ನು ನೆನಪಿಸುವವಳು ಸೊಸೆ.